ಲಕ್ಷ್ಮೀಪುರದ ಮಳೆಗಾಲದ ನೆಂಟರು

ಮೈಸೂರಿಗೆ ಬಂದವರು ಅರಮನೆಯನ್ನು ನೋಡುವರು, ಚಾಮುಂಡಿಬೆಟ್ಟವನ್ನು ಹತ್ತುವರು, ಮೃಗಾಲಯದಲ್ಲಿ ಒಂದು ಹಗಲನ್ನು ಕಳೆಯುವರು. ಲಕ್ಷ್ಮೀಪುರವನ್ನು ನೋಡಬೇಕೆಂದೇ ಊರಿಗೆ ಬಂದವರನ್ನು ನಾನು ಇದುವರೆಗೆ ಕಂಡಿಲ್ಲ. ನೋಡತಕ್ಕ ವಿಶೇಷವಾದರೂ ಅಲ್ಲಿ ಏನಿದೆ? ಅರಮನೆಯ ನೈಋತ್ಯಕ್ಕೆ, ಚಾಮರಾಜಪುರದ ರೈಲು ನಿಲ್ದಾಣಕ್ಕೆ ಸಮೀಪದಲ್ಲಿ, ಮರಗಳ ನೆರಳಿನ ಕೆಲವು ಬೀದಿಗಳು. ಹೆಂಚಿನ ಮಾಡಿನ ಹಳೆಯ ಮನೆಗಳು ಕೆಲವು, ಅವುಗಳ ನಡುವೆ ಎದ್ದಿರುವ ಹೊಸ ಮಹಡಿಗಳು ಹಲವು. ಊರಿನಲ್ಲಿ ಪ್ಲೇಗುಮಾರಿಯ ಹಾವಳಿಯಾದ ಮೇಲೆ, ಇಕ್ಕಟ್ಟಾದ ಕೇರಿಗಳ ಜನರಿಗೆ ಗಾಳಿಬೆಳಕುಗಳುಳ್ಳ ಬಡಾವಣೆಗಳನ್ನು ಒದಗಿಸಬೇಕೆಂದು ೧೯೦೩ರಲ್ಲಿ ಮೈಸೂರಿನಲ್ಲಿ ನಗರಾಭಿವೃದ್ಧಿಯ ಮಂಡಲಿಯೊಂದು ಸ್ಥಾಪಿತವಾಯಿತಷ್ಟೆ. ಆ ಕಾಲದ ಮೈಸೂರಿನ ಚಹರೆಯನ್ನು ಇಂದಿಗೂ ಅಷ್ಟಿಷ್ಟು ಉಳಿಸಿಕೊಂಡಿರುವ ಭಾಗಗಳಲ್ಲಿ ಲಕ್ಷ್ಮೀಪುರವೂ ಒಂದು. ಕಾದಂಬರಿಕಾರ ಆರ್. ಕೆ. ನಾರಾಯಣರು ಯಾದವಗಿರಿಯಲ್ಲಿ ಮನೆ ಕಟ್ಟಿಸಿಕೊಳ್ಳುವುದಕ್ಕೆ ಮುಂಚೆ ಇಲ್ಲಿಯೇ ವಾಸವಾಗಿದ್ದರೆಂಬುದು ನಮ್ಮವರಿಗೆ ಒಂದು ಹೆಮ್ಮೆ.

ನಾನು ಈ ಬೀದಿಗಳಲ್ಲಿ ನಾಲ್ವತ್ತು ವರ್ಷ ಬಾಳಿದವನು. ದೂರದೇಶಗಳನ್ನು ಸುತ್ತಿ ಬಂದ ಗೆಳೆಯರು ನನ್ನನ್ನು ಕೂಪಮಂಡೂಕನೆಂದು ಹಾಸ್ಯಮಾಡುವುದುಂಟು. ಈ ವರ್ಷದ ಮಳೆಗಾಲವು ಕಳೆದ ಮೇಲೆ ಆ ಬಿರುದನ್ನು ನಾನು ಸಂತೋಷದಿಂದಲೇ ಒಪ್ಪಿಕೊಂಡಿದ್ದೇನೆ. ಅದು ಹೇಗಾಯಿತೆಂಬುದನ್ನು ವಾಚಕರಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ಭರಣಿಯ ಮಳೆ ಈ ಸಲ ರಾತ್ರಿಯ ಹೊತ್ತು ಬಂದಿತು. ಹಗಲೆಲ್ಲ ಬೇಗೆ, ಸಂಜೆ ಬೆಟ್ಟದ ಮೇಲೆ ಕಾರ್ಮೋಡ ಕವಿದು, ಊಟದ ಹೊತ್ತಿಗೆ ಗುಡುಗು ಮಿಂಚು ಸಹಿತವಾಗಿ ಎರಡು ಗಂಟೆಗಳ ಕಾಲ ಸುರಿಯಿತು. ಮಳೆ ನಿಂತು ಹೆಂಚಿನ ಹನಿಗಳ ಸದ್ದು ಅಡಗುತ್ತಿದ್ದಂತೆಯೇ ಹಿತ್ತಿಲ ಕಡೆಯಿಂದ 'ಟಕ್, ಟಕ್, ಟರ್‌ರ್' ಎಂಬ ಧ್ವನಿ ಕೇಳಬಂದಿತು. ಬಾಗಿಲು ಬಡಿಯುವವರಾರೆಂದು ಮೊದಲು ಭ್ರಮಿಸಿದೆನು. ಬೆಳಗ್ಗೆ ಎದ್ದು ನೋಡಲಾಗಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿರುವ ನೀರಿನ ತೊಟ್ಟಿಯ ಒಳಗೋಡೆಗೆ, ನೀರಿನಿಂದ ಒಂದು ಗೇಣು ಮೇಲೆ, ಮುಷ್ಟಿಗಿಂತ ದೊಡ್ಡದಾದ ಬಿಳಿಯ ನೊರೆಯ ಮುದ್ದೆಯೊಂದು ಅಂಟಿಕೊಂಡಿದ್ದಿತು. ಸೋಪಿನ ನೊರೆಯನ್ನು ಯಾರೋ ಎರಚಿರುವಂತೆ ಕಾಣುತ್ತಿದ್ದಿತು. ಒಂಬತ್ತು ವರ್ಷದ ನನ್ನ ಮೊಮ್ಮಗಳು ಅದನ್ನು ನೋಡಿದೊಡನೆಯೇ ಮುಖ ಬಾಡಿಸಿಕೊಂಡು, "ತಾತ, ಈ ಸಲವೂ ಸೀಮೆಯೆಣ್ಣೆ ಹಾಕುತ್ತೀಯಾ?" ಎಂದು ಕೇಳಿದಳು.

ಆ ಮಾತು ನನಗೆ ಚುಚ್ಚಿದುದಕ್ಕೆ ಕಾರಣವಿದೆ. ಹಿಂದಿನ ವರ್ಷವೂ ಅದೇ ಜಾಗದಲ್ಲಿ ಅಂತಹುದೇ ನೊರೆ ಕಟ್ಟಿದ್ದಿತು. ಅದೇನೆಂದು ನಾನು ವಿಚಾರಿಸಲಿಲ್ಲ. ಸೊಳ್ಳೆಯ ಕಾಟವೆಂದು ತೊಟ್ಟಿಯ ನೀರಿಗೆ ಒಂದು ಬಟ್ಟಲು ಸೀಮೆಯೆಣ್ಣೆಯನ್ನು ಸುರಿದೆನು. ನಾಲ್ಕು ದಿನಗಳ ಮೇಲೆ ಆ ನೊರೆ ಕರಗಿ, ಅದರೊಳಗಿನಿಂದ ನೂರಾರು ಎಳೆಯ ಜೀವಗಳು ಒಂದೊಂದಾಗಿ ಎಣ್ಣೆಯ ಮೇಲೆ ಬಿದ್ದುವು. ಅವು ಕಪ್ಪೆಯ ಮರಿಗಳು, ಅಂದರೆ ಗೊದಮೊಟ್ಟೆಗಳು. ಮಗುವು ತೊಟ್ಟಿಯ ಅಂಚನ್ನು ಹಿಡಿದುಕೊಂಡು ಅವುಗಳು ಸಾಯುವುದನ್ನು ನೋಡುತ್ತ ನಿಂತಿದ್ದಿತು. ಏನು ಸಮಾಧಾನ ಹೇಳಬೇಕೆಂದು ನನಗೆ ತೋಚಲಿಲ್ಲ.

ಈ ಸಲ ಎಚ್ಚರದಿಂದಿರೋಣವೆಂದರೆ ಮತ್ತೊಂದು ಸಂಕಟ. ನೆರೆಮನೆಯ ಹುಡುಗನು ಡೆಂಗಿಜ್ವರದಿಂದ ಆಸ್ಪತ್ರೆಯಲ್ಲಿ ಮಲಗಿದ್ದನು. ನಮ್ಮ ಮನೆಯಾಕೆಯು ಖಂಡಿತವಾಗಿ ಹೇಳಿದಳು: "ನೋಡಿ, ಕಪ್ಪೆಯ ಮೇಲೆ ನನಗೂ ಕರುಣೆಯುಂಟು. ಆದರೆ ಮನೆಯಲ್ಲಿ ಮಗುವಿದೆ. ತೊಟ್ಟಿಯಲ್ಲಿ ನೀರು ನಿಲ್ಲಕೂಡದು." ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಡೆಂಗಿಯನ್ನು ಹರಡುವ ಈಡಿಸ್ ಸೊಳ್ಳೆಯು ಹಗಲಿನಲ್ಲಿ ಕಚ್ಚುವಂತಹುದು; ಕೊಚ್ಚೆಗಿಂತ ಮನೆಯೊಳಗೆ ಹೊರಗೆ ಶೇಖರಿಸಿಟ್ಟ ತಿಳಿನೀರೇ ಅದಕ್ಕೆ ಪ್ರಿಯ. ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಅದಕ್ಕೆ ಬೇಕಾಗುವುದು ಒಂದು ವಾರ, ಹೆಚ್ಚೆಂದರೆ ಹತ್ತು ದಿನ. ಆದುದರಿಂದಲೇ ವಾರಕ್ಕೊಮ್ಮೆ ನೀರನ್ನು ಚೆಲ್ಲಿ ಗೋಡೆಯನ್ನು ಉಜ್ಜಿ ತೊಳೆಯಬೇಕೆಂದು ವೈದ್ಯರು ಹೇಳುವರು. ಒಂದು ಕಡೆ ಮೊಮ್ಮಗಳ ಕಣ್ಣು, ಇನ್ನೊಂದು ಕಡೆ ಅವಳ ಆರೋಗ್ಯ. ಎರಡು ದಿನಗಳ ಗಡುವನ್ನು ಕೇಳಿ ಪಡೆದುಕೊಂಡೆನು.

ಅಂದು ಸಂಜೆ ಮೊಮ್ಮಗಳನ್ನು ಕರೆದುಕೊಂಡು ತಿರುಗಾಟಕ್ಕೆ ಹೊರಟೆನು. ಊರಿನಲ್ಲಿ ಕಪ್ಪೆಗಳಿಗೆ ಎಲ್ಲೆಲ್ಲಿ ನೆಲೆಯುಂಟು, ನಮ್ಮ ತೊಟ್ಟಿಗೇ ಅವು ಏತಕ್ಕೆ ಬಂದುವು ಎಂಬುದನ್ನು ಕಣ್ಣಾರೆ ನೋಡಬೇಕೆಂದು ಇಬ್ಬರಿಗೂ ಕುತೂಹಲ. ನಮ್ಮ ಬೀದಿಯ ತುದಿಯಲ್ಲಿ ಖಾಲಿ ನಿವೇಶನವೊಂದಿದ್ದಿತು. ಹಳೆಯ ಮನೆಯನ್ನು ಕೆಡವಿ ಎರಡು ವರ್ಷಗಳಾಗಿದ್ದುವು. ಅಡಿಪಾಯವನ್ನು ಅಗೆದ ಗುಂಡಿಯಲ್ಲಿ ರಾತ್ರಿಯ ನೀರು ಮೊಣಕಾಲುದ್ದ ನಿಂತಿದ್ದಿತು. ಅಲ್ಲಿ ಕಂಡ ಸಂಭ್ರಮವನ್ನು ಏನೆಂದು ಹೇಳಲಿ! ಅಂಗೈಯಗಲದ ಗೂಳಿಗಪ್ಪೆಗಳು ಏಳೆಂಟು. ವರ್ಷವೆಲ್ಲ ಮಾಸಲು ಹಸುರಾಗಿರುವ ಗಂಡುಗಳು ಈಗ ಮದುವಣಿಗರಂತೆ ಅರಿಸಿನದ ಬಣ್ಣವನ್ನು ತಳೆದಿದ್ದುವು. ಕೂಗುವಾಗ ಗಂಟಲಿನ ಎರಡು ಪಕ್ಕಗಳಲ್ಲಿಯೂ ಕಡುನೀಲಿಯ ಬುಗ್ಗೆಗಳು ಉಬ್ಬಿ ಬರುತ್ತಿದ್ದುವು. ಮೊಮ್ಮಗಳು ಅವು ಪ್ಲಾಸ್ಟಿಕ್ಕಿನ ಆಟದ ಗೊಂಬೆಗಳೆಂದೇ ತಿಳಿದಳು.

ಕಪ್ಪೆಗಳಲ್ಲಿ ಕೂಗುವುದು ಗಂಡುಗಳ ಕೆಲಸ; ಹೆಣ್ಣುಗಳು ಬಹುಮಟ್ಟಿಗೆ ಮೌನಿಗಳು. ಬಾಯಿಯನ್ನೂ ಮೂಗನ್ನೂ ಮುಚ್ಚಿಕೊಂಡು, ಶ್ವಾಸಕೋಶದಲ್ಲಿರುವ ಗಾಳಿಯನ್ನು ಗಂಟಲಿನ ಚೀಲಕ್ಕೂ ಅಲ್ಲಿಂದ ಹಿಂದಕ್ಕೂ ತಳ್ಳುತ್ತ ಅವು ಧ್ವನಿ ಮಾಡುವುವು. ಒಂದೊಂದು ಜಾತಿಗೂ ಒಂದೊಂದು ಕೂಗು. ಕತ್ತಲೆಯಲ್ಲಿ ನಾಲ್ಕು ಜಾತಿಯ ಕಪ್ಪೆಗಳು ಏಕಕಾಲದಲ್ಲಿ ಕೂಗುತ್ತಿದ್ದರೂ ಹೆಣ್ಣು ತನ್ನ ಜಾತಿಯ ಕೂಗನ್ನು ಗುರುತಿಸಿ ಅತ್ತ ಸಾಗುವುದು. ಅದೇ ಗುಂಡಿಯ ಅಂಚಿನ ಹುಲ್ಲಿನಿಂದ ಗಟ್ಟಿಯಾದ ಸ್ವರವೊಂದು ಏಳುತ್ತಿದ್ದಿತು. ಎಷ್ಟು ದೊಡ್ಡ ಪ್ರಾಣಿಯೋ ಎಂದು ದೀಪ ಹಾಯಿಸಿ ಹುಡುಕಿದರೆ, ಹೆಬ್ಬೆರಳಿನ ತುದಿಯಷ್ಟೇ ಇರುವ ಒಂದು ಕಪ್ಪೆ! ಭತ್ತದ ಗದ್ದೆಗಳಲ್ಲಿ ಸಾಮಾನ್ಯವಾದ ಇದರ ಬಾಯಿ ಕಿರಿದು, ಕಂಠ ಹಿರಿದು.

ಗಂಡು ಹೆಣ್ಣಿನ ಬೆನ್ನನ್ನೇರಿ ಮುಂಗಾಲುಗಳಿಂದ ಅದನ್ನು ಅವುಚಿಕೊಳ್ಳುವುದು. ಹಿಡಿತ ಜಾರದಂತೆ ಈ ಋತುವಿನಲ್ಲಿ ಗಂಡಿನ ಮುಂಗಾಲಿನ ಒಳಬೆರಳಿನ ಮೇಲೆ ಒರಟಾದ ಮೆತ್ತೆ ಮೂಡಿರುವುದು. ಹೆಣ್ಣು ನೀರಿನಲ್ಲಿ ಮೊಟ್ಟೆಗಳನ್ನು ಇಡುತ್ತಿದ್ದಂತೆ ಗಂಡು ಅವುಗಳ ಮೇಲೆ ತನ್ನ ಬೀಜವನ್ನು ಸುರಿಸುವುದು. ಸಾಮಾನ್ಯವಾಗಿ ಗರ್ಭ ಕಟ್ಟುವುದು ತಾಯಿಯ ಒಡಲಿನ ಹೊರಗೆ, ನೀರಿನಲ್ಲಿ. ಇಂದು ಶಾಲೆಯ ಮಕ್ಕಳೂ ಬಲ್ಲ ಈ ಸಂಗತಿಯು ಬಹುಕಾಲ ವಾದಗ್ರಸ್ತವಾಗಿದ್ದಿತು. ಹದಿನೆಂಟನೆಯ ಶತಮಾನದಲ್ಲಿ ಇಟಲಿಯ ಸ್ಪಲಾಂಜಾನಿ ಎಂಬ ಪಾದ್ರಿಯು ಇದನ್ನು ಇತ್ಯರ್ಥಪಡಿಸಿದ ಬಗೆ ಬಹು ಸ್ವಾರಸ್ಯವಾಗಿದೆ. ಆತನು ಗಂಡುಕಪ್ಪೆಗಳಿಗೆ ಬಿಗಿಯಾದ ಪುಟ್ಟ ಚಲ್ಲಣಗಳನ್ನು ಹೊಲಿದು ತೊಡಿಸಿದನು. ಚಲ್ಲಣ ತೊಟ್ಟ ಕಪ್ಪೆಗಳು ಎಂದಿನಂತೆಯೇ ಹೆಣ್ಣನ್ನು ಕೂಡಿದುವು. ಆದರೆ ಆ ಮೊಟ್ಟೆಗಳು ಮರಿಯಾಗದೆ ಕೊಳೆತುಹೋದುವು. ಗಂಡಿನ ರಸವನ್ನು ತಾನೇ ಮೊಟ್ಟೆಗಳಿಗೆ ಸವರಿ ನೋಡಲಾಗಿ ಅವು ಮರಿಯಾದುವು. ಈ ಕಥೆಯನ್ನು ಕೇಳಿ ಮೊಮ್ಮಗಳು ದಾರಿಯುದ್ದಕ್ಕೂ ನಗುತ್ತಲೇ ಇದ್ದಳು.

ಗುಂಡಿಯ ಇನ್ನೊಂದು ಮೂಲೆಯಲ್ಲಿ ಹುಲ್ಲಿನ ದಂಟುಗಳಿಗೆ ಸುತ್ತಿಕೊಂಡು, ಕರಿಮಣಿಯ ಸರದಂತೆ ಮೊಳಗಟ್ಟಲೆ ಉದ್ದವಾದ ಲೋಳೆಯ ದಾರಗಳಿದ್ದುವು. ಅವು ನೆಲಗಪ್ಪೆಯ ಮೊಟ್ಟೆಗಳು. ಮೈಯೆಲ್ಲ ಗಂಟುಗಂಟಾಗಿ, ಮುಸ್ಸಂಜೆಯಲ್ಲಿ ಅಂಗಳದ ದೀಪದ ಕೆಳಗೆ ಕುಳಿತು ಹುಳುಗಳನ್ನು ನುಂಗುವ ಪ್ರಾಣಿಯೇ ನೆಲಗಪ್ಪೆ. ಅದು ಸಾವಿರಾರು ಮೊಟ್ಟೆಗಳನ್ನು ಹೀಗೆ ಸರದಲ್ಲಿ ಪೋಣಿಸಿ ಇಡುವುದು. ಬೇರೆ ಕಪ್ಪೆಗಳು ಗೊಂಚಲಾಗಿಯೋ, ನೀರಿನ ಮೇಲೆ ಹರಡಿದ ಪೊರೆಯಾಗಿಯೋ ಇಡುವುವು. ಕೋಳಿಯ ಮೊಟ್ಟೆಗಿರುವಂತೆ ಇವಕ್ಕೆ ಚಿಪ್ಪಿಲ್ಲ. ನೀರನ್ನು ಹೀರಿ ಉಬ್ಬುವ ಲೋಳೆಯೇ ಕವಚ, ಅದೇ ಮೆತ್ತೆ. ಬಿಸಿಲಿಗೆ ಒಂದು ಗಳಿಗೆ ಸಿಕ್ಕಿದರೂ ಒಣಗಿಹೋಗುವುದರಿಂದ ಈ ಪ್ರಾಣಿಯ ಸಂಸಾರವೆಲ್ಲ ನೀರನ್ನೇ ನಂಬಿಕೊಂಡಿದೆ.

ಅಲ್ಲಿಂದ ಸುಬ್ಬರಾಯನಕೆರೆಗೆ ಹೋದೆವು. ಕೆರೆಯೆಂಬುದು ಇಂದು ಹೆಸರಿನಲ್ಲಿ ಮಾತ್ರ. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಸಹಸ್ರಾರು ಜನರು ಸಭೆ ಸೇರುತ್ತಿದ್ದ ಮೈದಾನವಿದು. ಆ ನೆನಪಿಗಾಗಿ ಇಲ್ಲಿ ಉದ್ಯಾನವನ್ನು ಮಾಡಿದ್ದಾರೆ. ನೀರಿನ ಕುರುಹು ಮಾತ್ರ ಎಲ್ಲಿಯೂ ಇಲ್ಲ. ಕೋಟೆಯ ಬಳಿಯ ದೊಡ್ಡಕೆರೆಯ ಗತಿಯೂ ಇದೇ: ಅದು ಮೈದಾನವಾಗಿ, ದಸರಾ ವಸ್ತುಪ್ರದರ್ಶನ ಅಲ್ಲಿ ನಡೆಯುತ್ತದೆ. "ಇಲ್ಲಿದ್ದ ಕಪ್ಪೆಗಳು ಎಲ್ಲಿಗೆ ಹೋದುವು, ತಾತ?" ಎಂದು ಮಗು ಕೇಳಿತು. ಅವು ಎಲ್ಲಿಗೂ ಹೋಗಲಿಲ್ಲ, ಕೆರೆಯೊಡನೆಯೇ ಮುಗಿದುವು. ಅದನ್ನು ಹಾಗೆಯೇ ಹೇಳಲಾರದೆ, "ಅವುಗಳಲ್ಲಿ ಒಂದೆರಡರ ವಂಶ ನಮ್ಮ ತೊಟ್ಟಿಗೆ ಬಂದಿರಬಹುದು" ಎಂದೆನು.

ಮರುದಿನ ಸಂಜೆ ಚಾಮರಾಜಪುರದ ಕಡೆಯಿಂದ ರೈಲುದಾರಿಯನ್ನು ದಾಟಿ ಕುಕ್ಕರಹಳ್ಳಿಯ ಕೆರೆಯವರೆಗೆ ನಡೆದೆವು. ಮುಮ್ಮಡಿ ಕೃಷ್ಣರಾಜ ಒಡೆಯರು ೧೮೬೪ರಲ್ಲಿ ಕಟ್ಟಿಸಿದ ಈ ಕೆರೆ ಪುಣ್ಯಕ್ಕೆ ಇನ್ನೂ ಕೆರೆಯಾಗಿಯೇ ಉಳಿದಿದೆ. ಇದರ ಮಗ್ಗುಲಲ್ಲಿ ಮಾನಸಗಂಗೋತ್ರಿ. ಆ ಹೆಸರನ್ನಿಟ್ಟ ಕುವೆಂಪು ಅವರು ಈ ಏರಿಯ ಮೇಲೆ ಅಡ್ಡಾಡುತ್ತಿದ್ದುದನ್ನು ಮೈಸೂರಿಗರೆಲ್ಲ ಬಲ್ಲರು. ದಡದ ಜೊಂಡಿನ ಬಳಿ ನಾವು ಹೆಜ್ಜೆಯಿಟ್ಟೊಡನೆ ಬೂದುಬಣ್ಣದ ಕಪ್ಪೆಗಳು ನೀರಿನ ಮೇಲೆಯೇ ಪಟಪಟನೆ ನೆಗೆಯುತ್ತ ಓಡಿದುವು. ಬಾಲ್ಯದಲ್ಲಿ ಹೆಂಚಿನ ಚೂರನ್ನು ನಾವು ನೀರಿನ ಮೇಲೆ ಎಸೆದು ಕುಣಿಸುತ್ತಿದ್ದೆವಲ್ಲ, ಅದೇ ರೀತಿ. ಕಣ್ಣುಗಳೆರಡನ್ನು ಮಾತ್ರ ಮೇಲಿಟ್ಟುಕೊಂಡು ಮೈಯನ್ನೆಲ್ಲ ನೀರಿನಲ್ಲಿ ಅಡಗಿಸಿಕೊಂಡಿರುವ ಈ ಜಾತಿಯು ನೀರು ಬತ್ತದ ಕಡೆ ವರ್ಷವೆಲ್ಲ ಕಾಣಸಿಗುವುದು.

ಕತ್ತಲಾಗುತ್ತಿದ್ದಂತೆ ಕೆರೆಯ ಮೇಲುಭಾಗದಿಂದ ಒಂದು ಕೂಗು, ಅದಕ್ಕೆ ಮಾರುತ್ತರವಾಗಿ ಇನ್ನೊಂದು, ಬಳಿಕ ಹತ್ತು, ಬಳಿಕ ನೂರು. ಋಗ್ವೇದದ ಏಳನೆಯ ಮಂಡಲದಲ್ಲಿ ಕಪ್ಪೆಗಳನ್ನು ಕುರಿತೇ ಒಂದು ಸೂಕ್ತವಿದೆ. ಗುರುವು ಹೇಳಿಕೊಟ್ಟುದನ್ನು ಶಿಷ್ಯರು ಹಿಂದೆಯೇ ಹೇಳುವಂತೆ ಮಳೆಗಾಲದಲ್ಲಿ ಕಪ್ಪೆಗಳು ಕೂಗುತ್ತವೆಯೆಂಬ ಹೋಲಿಕೆ ಅಲ್ಲಿ ಬಂದಿದೆ. ಪಾಠಶಾಲೆಯ ಸಂತೆಯನ್ನು ಕೇಳಿದವರಿಗೆ ಆ ಹೋಲಿಕೆಯ ಸೊಗಸು ಆ ಕೆರೆಯ ದಡದಲ್ಲಿ ಚೆನ್ನಾಗಿ ತಿಳಿಯುವುದು. ಮುಚ್ಚುವ ವೇಳೆಯಾಯಿತೆಂದು ಕಾವಲುಗಾರನು ಸೀಟಿ ಊದಿದ್ದರಿಂದ ಮನಸ್ಸಿಲ್ಲದ ಮನಸ್ಸಿನಿಂದ ಹಿಂದಿರುಗಿದೆವು.

ದಾರಿಯಲ್ಲಿ ಮೊಮ್ಮಗಳಿಗೆ ನಮ್ಮ ನಾಡಿನ ಇತರ ಕಪ್ಪೆಗಳ ವಿಷಯವನ್ನು ಹೇಳಿದೆನು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣರಾಯರು (೧೮೮೨–೧೯೬೦) ಪಶ್ಚಿಮಘಟ್ಟಗಳ ಕಪ್ಪೆಗಳನ್ನು ಸಂಗ್ರಹಿಸಿ, ಅದುವರೆಗೆ ಶಾಸ್ತ್ರಜ್ಞರು ಅರಿಯದಿದ್ದ ಹಲವು ಜಾತಿಗಳನ್ನು ೧೯೩೭ರಲ್ಲಿ ಪ್ರಕಟಪಡಿಸಿದರು. ೨೦೧೦ರಲ್ಲಿ ಪೊದೆಗಪ್ಪೆಗಳ ಒಂದು ಕುಲಕ್ಕೆ 'ರಾವೋರ್ಕೆಸ್ಟಿಸ್' ಎಂದು ಅವರ ಹೆಸರನ್ನೇ ಇಟ್ಟಿದ್ದಾರೆ. ಈ ಕುಲದ ಕಪ್ಪೆಗಳಲ್ಲಿ ಗೊದಮೊಟ್ಟೆಯ ಅವಸ್ಥೆಯೇ ಬೇರೆಯಾಗಿ ಕಾಣದು. ಮೊಟ್ಟೆಯೊಳಗೇ ರೂಪಾಂತರವೆಲ್ಲ ಮುಗಿದು, ಮರಿಕಪ್ಪೆಯೇ ಹೊರಕ್ಕೆ ಬರುವುದು. ಉತ್ತರ ಕನ್ನಡ ಜಿಲ್ಲೆಯ ಕತ್ತಲೆಕಾನಿನಲ್ಲಿ ಕಂಡ ಕಪ್ಪೆಯೊಂದನ್ನು ಕೆ. ವಿ. ಗುರುರಾಜ ಮತ್ತು ಅವರ ಸಂಗಡಿಗರು ೨೦೧೪ರಲ್ಲಿ ಲೋಕಕ್ಕೆ ಪರಿಚಯಿಸಿದರು. ಅದರ ಗಂಡು ತೊರೆಯ ತಳದಿಂದ ಕೆಸರನ್ನು ಮುಂಗಾಲುಗಳಲ್ಲಿ ಎತ್ತಿ ತಂದು ಮೊಟ್ಟೆಗಳಿಗೆ ಮೆತ್ತುವುದು. ಮಣ್ಣಿನ ಕೆಲಸ ಬಲ್ಲ ಆ ಕಪ್ಪೆಗೆ ಅವರು 'ಕುಂಬಾರ'ನೆಂದೇ ಹೆಸರಿಟ್ಟರು. ಶೃಂಗೇರಿಗೆ ಹೋದವರು ತುಂಗೆಯ ತಡಿಯಲ್ಲಿ ಕಪ್ಪೆಶಂಕರನನ್ನು ನೋಡಿರಬಹುದು. ಪ್ರಸವವೇದನೆಯಿಂದ ಬಳಲುತ್ತಿದ್ದ ಕಪ್ಪೆಗೆ ಬಿಸಿಲು ತಾಗದಂತೆ ಸರ್ಪವೊಂದು ಹೆಡೆಯೆತ್ತಿ ನೆರಳು ಮಾಡಿದ್ದನ್ನು ಶಂಕರಾಚಾರ್ಯರು ಕಂಡರೆಂಬುದು ಅಲ್ಲಿಯ ಐತಿಹ್ಯ. ಹುಟ್ಟುಹಗೆಯೇ ನೆರಳಾಗಿ ನಿಂತ ಕಥೆಯನ್ನು ಮೊಮ್ಮಗಳು ಮೌನವಾಗಿ ಕೇಳಿದಳು. ಸೀಮೆಯೆಣ್ಣೆಯ ಬಟ್ಟಲು ನನಗೆ ನೆನಪಾಯಿತು.

ಮನೆಗೆ ಬಂದವನೇ ಮನೆಯಾಕೆಯೊಡನೆ ಆಲೋಚಿಸಿದೆನು. ಉಪಾಯವನ್ನು ಸೂಚಿಸಿದವಳು ಅವಳೇ. ತೊಟ್ಟಿಯ ನೀರನ್ನೆಲ್ಲ ತೆಗೆದು, ನೊರೆಯಿದ್ದ ಭಾಗವನ್ನು ಬಿಟ್ಟು ಉಳಿದ ಗೋಡೆಯನ್ನು ಉಜ್ಜಿದೆವು. ನೊರೆಯ ನೇರ ಕೆಳಗೆ ಅಗಲವಾದ ಮಣ್ಣಿನ ಬಾನಿಯೊಂದನ್ನು ಇರಿಸಿ ಅದಕ್ಕೆ ಮಳೆಯ ನೀರನ್ನು ತುಂಬಿದೆವು. ತಾಮ್ರವು ಗೊದಮೊಟ್ಟೆಗಳಿಗೆ ವಿಷ; ಆದುದರಿಂದ ತಾಮ್ರ ಹಿತ್ತಾಳೆಗಳ ಪಾತ್ರೆ ಕೂಡದು. ನಲ್ಲಿಯ ನೀರಾದರೆ ಅದರಲ್ಲಿ ಬೆರೆಸಿರುವ ಕ್ಲೋರಿನ್ ಹೋಗುವಂತೆ ಎರಡು ದಿನ ತೆರೆದಿಟ್ಟು ಬಳಸಬೇಕು. ಕಡೆಗೆ ತೊಟ್ಟಿಯ ಬಾಯಿಗೆ ಹಳೆಯ ಸೊಳ್ಳೆಪರದೆಯನ್ನು ಎರಡು ಪದರವಾಗಿ ಮಡಿಸಿ ಸುತ್ತಲೂ ಬಿಗಿಯಾಗಿ ಕಟ್ಟಿದೆವು. ಸೊಳ್ಳೆ ಒಳಗೆ ಹೋಗುವಂತಿಲ್ಲ, ಮರಿಗಳಿಗೆ ಭಯವಿಲ್ಲ. ಗೊದಮೊಟ್ಟೆಗಳು ಸೊಳ್ಳೆಯ ಮರಿಗಳನ್ನು ತಿಂದುಹಾಕುತ್ತವೆ, ಪರದೆ ಏತಕ್ಕೆ ಎಂದು ಕೆಲವರು ಹೇಳಿದರು. ಆ ಭರವಸೆಯ ಮೇಲೆ ಕೂರಬಾರದು. ಗೂಳಿಗಪ್ಪೆಯ ಗೊದಮೊಟ್ಟೆಗಳು ಮಾಂಸಾಹಾರಿಗಳು, ಸೊಳ್ಳೆಯ ಮರಿಗಳನ್ನೂ ಬೇರೆ ಗೊದಮೊಟ್ಟೆಗಳನ್ನೂ ತಿನ್ನುವುವು. ನಮ್ಮ ತೊಟ್ಟಿಯ ಅತಿಥಿಗಳಾದರೋ ಹೆಚ್ಚಾಗಿ ಪಾಚಿಯನ್ನು ಕೆರೆದು ತಿನ್ನತಕ್ಕವು.

ಈ ಅತಿಥಿಗಳು ಮರಗಪ್ಪೆಯ ಸಂತಾನ. ಬೆರಳುಗಳ ತುದಿಯಲ್ಲಿ ಬಟ್ಟಲಿನಂತಹ ಅಂಟುಮೆತ್ತೆಗಳಿದ್ದು, ಬಚ್ಚಲುಮನೆಯ ಗೋಡೆಯನ್ನು ನಿರಾಯಾಸವಾಗಿ ಏರುವ ಕಂದುಬಣ್ಣದ ಕಪ್ಪೆಯನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಹೆಣ್ಣು ತನ್ನ ಮೈಯಿಂದ ಸ್ರವಿಸುವ ಒಂದು ಬಗೆಯ ರಸವನ್ನು, ಮಜ್ಜಿಗೆ ಕಡೆಯುವಂತೆ, ಹಿಂಗಾಲುಗಳಿಂದ ಕಡೆದು ನೊರೆ ಬರಿಸಿ ಆ ನೊರೆಯೊಳಗೆ ಮೊಟ್ಟೆಗಳನ್ನಿಡುವುದು. ಮೇಲ್ಪದರವು ಗಾಳಿಗೆ ಒಣಗಿ ಹಪ್ಪಳದಂತಾಗಿ ಒಳಗಿನ ತೇವವನ್ನು ಕಾಪಾಡುವುದು. ಮೀನುಗಳಿಗೂ ನೀರಿನ ಹುಳುಗಳಿಗೂ ಎಟುಕದಂತೆ ಮೊಟ್ಟೆಗಳನ್ನು ಹೀಗೆ ನೀರಿನ ಮೇಲ್ಗಡೆ ತೂಗಿಟ್ಟು, ಮರಿಯಾದ ಮೇಲೆ ತಾವಾಗಿಯೇ ನೀರಿಗೆ ಬೀಳುವಂತೆ ಮಾಡಿರುವ ಈ ವ್ಯವಸ್ಥೆಯನ್ನು ಏನೆಂದು ಕೊಂಡಾಡೋಣ! ನಾಲ್ಕನೆಯ ದಿನ ಬೆಳಗ್ಗೆ ನೊರೆಯ ತಳ ಸಡಿಲಿ, ಹನಿಹನಿಯಾಗಿ ಮರಿಗಳು ಬಾನಿಗೆ ಇಳಿದುವು. ಮೊಮ್ಮಗಳು ಎಣಿಸಲು ತೊಡಗಿ ಎಂಬತ್ತರ ಮೇಲೆ ಲೆಕ್ಕ ತಪ್ಪಿದಳು. ಕಪ್ಪೆಯನ್ನು ತಕ್ಕಡಿಯಲ್ಲಿಟ್ಟು ತೂಗಿದಂತೆಂಬ ಗಾದೆ ಗೊದಮೊಟ್ಟೆಯ ಎಣಿಕೆಗೂ ಸಲ್ಲುವುದು.

ಅಂದಿನಿಂದ ಎರಡು ಕಡೆ ನಮ್ಮ ಪಾಲನೆ: ಮನೆಯಲ್ಲಿ ಬಾನಿ, ಬೀದಿಯ ತುದಿಯಲ್ಲಿ ಗುಂಡಿ. ಗುಂಡಿಯಲ್ಲಿ ನೆಲಗಪ್ಪೆಯ ಸರಗಳು ಬೇಗನೆ ಮರಿಯಾಗಿ, ಮಸಿಯ ಹನಿಗಳಂತಹ ಗೊದಮೊಟ್ಟೆಗಳು ಗುಂಪುಗುಂಪಾಗಿ ತಿರುಗುತ್ತಿದ್ದುವು. ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದಲ್ಲಿ ಎಸ್. ಕೆ. ಸೈದಾಪುರ ಅವರು ತಮ್ಮ ಸಂಗಡಿಗರೊಡನೆ ಈ ಮರಿಗಳನ್ನು ಪರೀಕ್ಷಿಸಿ, ಅವು ತಮ್ಮ ಒಡಹುಟ್ಟಿದವರನ್ನು ಪರರಿಂದ ಬೇರೆಯಾಗಿ ಗುರುತಿಸಬಲ್ಲುವೆಂದು ತೋರಿಸಿದ್ದಾರೆ. ಮಿದುಳಿಲ್ಲದ ಜಂತುವೆಂದು ನಾವು ತಿಳಿದುಕೊಂಡಿರುವ ಮಸಿಯ ಹನಿಗೂ ಅಣ್ಣತಮ್ಮಂದಿರ ಅರಿವುಂಟು!

ಗೊದಮೊಟ್ಟೆಯು ಕಪ್ಪೆಯಾಗುವ ಬಗೆಯನ್ನು ದಿನದಿನವೂ ನೋಡಿದವರಿಗೆ ಪುರಾಣದ ಅವತಾರಗಳಲ್ಲಿ ಅಚ್ಚರಿ ತೋರದು. ಮೊದಲು ಅದು ಮೀನಿನಂತೆ ಕಿವಿರುಗಳಿಂದ ಉಸಿರಾಡುವುದು. ಸೊಪ್ಪು ತಿನ್ನುವುದಕ್ಕೆ ತಕ್ಕಂತೆ ಕರುಳು ಗಡಿಯಾರದ ಸುರುಳಿಯಂತೆ ಉದ್ದವಾಗಿರುವುದು. ಬೇಯಿಸಿದ ಸೊಪ್ಪಿನ ಒಂದು ಎಸಳನ್ನು ನಾವು ಹಾಕುತ್ತಿದ್ದೆವು. ಹೆಚ್ಚಾದರೆ ನೀರು ಕೆಡುವುದು. ಕೆಲವು ವಾರಗಳ ಮೇಲೆ ಹಿಂಗಾಲುಗಳು ಕಾಣಿಸಿಕೊಂಡುವು, ಬಳಿಕ ಮುಂಗಾಲುಗಳು. ಬಾಲವು ಉದುರಿ ಬೀಳುವುದೆಂದು ಮೊಮ್ಮಗಳು ಬಾನಿಯ ತಳವನ್ನು ಹುಡುಕುತ್ತಿದ್ದಳು. ಅದು ಉದುರುವುದಿಲ್ಲ, ದೇಹದೊಳಕ್ಕೇ ಕರಗಿ ಆಹಾರವಾಗುವುದು. ಆ ದಿನಗಳಲ್ಲಿ ಮರಿಯು ಏನನ್ನೂ ತಿನ್ನದು: ಹಳೆಯ ಬಾಯಿ ಹೋಗಿ ಹೊಸ ಬಾಯಿ ಅಗಲವಾಗಬೇಕು, ಕರುಳು ಮೊಟಕಾಗಬೇಕು. ಇದಕ್ಕೆಲ್ಲ ಅಪ್ಪಣೆ ಕೊಡುವುದು ಕೊರಳಿನಲ್ಲಿರುವ ಥೈರಾಯ್ಡ್ ಎಂಬ ಗ್ರಂಥಿ. ೧೯೧೨ರಲ್ಲಿ ಗುಡರ್ನಾಚ್ ಎಂಬ ವಿಜ್ಞಾನಿಯು ಗೊದಮೊಟ್ಟೆಗಳಿಗೆ ಆ ಗ್ರಂಥಿಯ ಚೂರುಗಳನ್ನೇ ತಿನ್ನಿಸಿ, ಅವು ಕಾಲಕ್ಕೆ ಮುಂಚೆಯೇ ಕುಬ್ಜ ಕಪ್ಪೆಗಳಾದುದನ್ನು ಕಂಡನು.

ಜ್ಯೇಷ್ಠದಲ್ಲಿ ಒಂದು ದಿನ ಗುಂಡಿಯ ಬಳಿ ಇಟ್ಟಿಗೆಯ ಲಾರಿ ನಿಂತಿದ್ದಿತು. ನಿವೇಶನದ ಯಜಮಾನರು ಸಜ್ಜನರು. ಮಗುವಿನ ಮಾತನ್ನು ತಾಳ್ಮೆಯಿಂದ ಕೇಳಿದರು. "ಒಂದು ವಾರ ತಡೆಯಿರಿ, ಹಿಂಗಾಲು ಬಂದಿವೆ" ಎಂದು ನಾನೂ ಬೇಡಿದೆನು. ಗುದ್ದಲಿಪೂಜೆಗೆ ಮುಹೂರ್ತ ಗೊತ್ತಾಗಿದೆ, ಆಷಾಢ ಬಂದರೆ ಮುಂದಕ್ಕೆ ಹೋಗುವುದು, ಸಾಲದ ಬಡ್ಡಿ ನಿಲ್ಲುವುದಿಲ್ಲವೆಂದು ಅವರು ಸಂಕೋಚದಿಂದಲೇ ಹೇಳಿದರು. ಹತ್ತು ವರ್ಷ ಬಾಡಿಗೆಯ ಮನೆಯಲ್ಲಿದ್ದವರು. ಅವರ ಕಷ್ಟವೂ ದೊಡ್ಡದೇ. ನಾವು ಒಂದು ಬಕೆಟ್ಟಿನಲ್ಲಿ ಕೈಗೆ ಸಿಕ್ಕಷ್ಟು ಮರಿಗಳನ್ನು ಗುಂಡಿಯ ನೀರಿನೊಡನೆಯೇ ತುಂಬಿಕೊಂಡು ಬಂದೆವು. ಮಧ್ಯಾಹ್ನದ ಹೊತ್ತಿಗೆ ಗುಂಡಿಯನ್ನು ಮಣ್ಣು ಮುಚ್ಚಿದ್ದಿತು. ಅಂದು ರಾತ್ರಿ ಮಳೆ ಬಂದಿತು. ಬೀದಿಯ ತುದಿಯಿಂದ ಯಾವ ಧ್ವನಿಯೂ ಬರಲಿಲ್ಲ. ಮೊಮ್ಮಗಳು ಹಾಸಿಗೆಯಲ್ಲಿ ಎದ್ದು ಕುಳಿತು ಬಹಳ ಹೊತ್ತು ಕಿವಿಗೊಟ್ಟಿದ್ದಳು.

ಕಪ್ಪೆಗಳು ಸಾವಿರಗಟ್ಟಲೆ ಮೊಟ್ಟೆಗಳನ್ನಿಡುವುದು ಏತಕ್ಕೆಂಬುದು ಅಂದು ನನಗೆ ಮನದಟ್ಟಾಯಿತು. ಬಿಸಿಲು, ಕೊಕ್ಕರೆ, ಹಾವು, ಒಣಗುವ ಹೊಂಡ ಇವುಗಳಿಗೆಲ್ಲ ತೆರಿಗೆ ಕೊಟ್ಟು ಮಿಕ್ಕ ಒಂದೆರಡು ಉಳಿಯಲೆಂದು ಪ್ರಕೃತಿಯು ಲೆಕ್ಕ ಹಾಕಿದೆ. ಆದರೆ ಸಿಮೆಂಟಿನ ತೆರಿಗೆ ಆ ಲೆಕ್ಕದಲ್ಲಿ ಸೇರಿರಲಿಲ್ಲ. ಕಪ್ಪೆಯು ಚರ್ಮದಿಂದಲೂ ಉಸಿರಾಡುವುದು, ನೀರನ್ನು ಕುಡಿಯುವುದೂ ಚರ್ಮದಿಂದಲೇ. ಆದುದರಿಂದ ನಾವು ಗಿಡಗಳಿಗೆ ಎರಚಿದ ವಿಷವು ಅದರ ಮೈಗೆ ನೇರವಾಗಿ ಇಳಿಯುವುದು. ಹಿಂದೆ ನಮ್ಮ ದೇಶದಿಂದ ಕಪ್ಪೆಯ ಕಾಲುಗಳನ್ನು ವಿದೇಶದ ಊಟದ ಮೇಜುಗಳಿಗೆ ಕಳುಹಿಸುತ್ತಿದ್ದರು. ೧೯೮೭ರಲ್ಲಿ ಆ ರಫ್ತನ್ನು ಸರ್ಕಾರವು ನಿಷೇಧಿಸಿತು. ಆದರೂ ೨೦೨೩ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆಯಂತೆ ಕಪ್ಪೆ ಮೊದಲಾದ ಉಭಯಚರಗಳ ಪ್ರತಿ ಐದು ಜಾತಿಗಳಲ್ಲಿ ಎರಡು ಅಳಿವಿನ ಅಂಚಿನತ್ತ ಸಾಗಿವೆ.

ನಮ್ಮ ಬಾನಿಗಳ ಕಥೆ ಅಷ್ಟು ದುಃಖಕರವಲ್ಲ. ನಾಲ್ಕು ಕಾಲು ಮೂಡಿದ ಮರಿಗಳು ಏರಿ ಬರಲೆಂದು ಒಂದೊಂದು ಕಡ್ಡಿಯನ್ನು ಓರೆಯಾಗಿ ನಿಲ್ಲಿಸಿದೆವು; ಇಲ್ಲವಾದರೆ ನೀರಿನಲ್ಲಿ ಹುಟ್ಟಿದ ಪ್ರಾಣಿ ನೀರಿನಲ್ಲಿಯೇ ಮುಳುಗಿ ಸಾಯುವುದು. ನೆಲಗಪ್ಪೆಯ ಮರಿಗಳು ಮೊದಲು ಹೊರಟುವು: ಅವರೆಕಾಳಿಗಿಂತ ಚಿಕ್ಕವು, ಆದರೂ ತಂದೆತಾಯಿಗಳ ಗಾಂಭೀರ್ಯವೆಲ್ಲ ಅವುಗಳ ಕುಳಿತ ಭಂಗಿಯಲ್ಲಿದ್ದಿತು. ಮರಗಪ್ಪೆಗಳಿಗೆ ಸುಮಾರು ಎರಡು ತಿಂಗಳು ಹಿಡಿಯಿತು. ಆಷಾಢ ಶುಕ್ರವಾರ, ಊರೆಲ್ಲ ಬೆಟ್ಟಕ್ಕೆ ಹೋಗಿದ್ದ ದಿನ, ಸಂಜೆ ಪರದೆಯ ಒಂದು ಮೂಲೆಯನ್ನು ಬಿಚ್ಚಿ ನ್ಯಾಯವಾಗಿ ಎಣಿಸಿದೆವು. ಹತ್ತೊಂಬತ್ತು ಮರಿಗಳು ಒಂದರ ಹಿಂದೊಂದು ತೊಟ್ಟಿಯ ಗೋಡೆಯನ್ನೇರಿ ಸೀಬೆಯ ಗಿಡದತ್ತ ಹೋದುವು. ಆಸ್ಪತ್ರೆಯಿಂದ ಗುಣವಾಗಿ ಬಂದಿದ್ದ ನೆರೆಮನೆಯ ಹುಡುಗನೂ ಶಾಲು ಹೊದೆದುಕೊಂಡು ಎಣಿಸುವುದಕ್ಕೆ ಸೇರಿದ್ದನು. ಪರದೆಯ ಕೆಳಗೆ ಒಂದು ಸೊಳ್ಳೆಯ ಮರಿಯೂ ಸಿಕ್ಕಲಿಲ್ಲವೆಂದು ನಮ್ಮ ಮನೆಯಾಕೆಯು ಎಲ್ಲರಿಗೂ ತೋರಿಸಿದಳು.

ಹಿತ್ತಿಲುಳ್ಳ ವಾಚಕರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ನೆಲವನ್ನೆಲ್ಲ ಸಿಮೆಂಟಿನಿಂದ ಮುಚ್ಚದೆ ಎರಡು ಮೊಳವನ್ನಾದರೂ ಮಣ್ಣಾಗಿ ಬಿಡಿ. ಬೇಸಗೆಯಲ್ಲಿ ನೆಲಗಪ್ಪೆ ಅಡಗಿಕೊಳ್ಳುವುದು ಅಲ್ಲಿಯೇ. ತೊಟ್ಟಿಯನ್ನು ತೊಳೆಯಿರಿ, ತಪ್ಪದೆ ತೊಳೆಯಿರಿ. ಆದರೆ ತೊಳೆಯುವ ಮುನ್ನ ಒಳಗೋಡೆಯನ್ನೊಮ್ಮೆ ನೋಡಿ. ಬಿಳಿಯ ನೊರೆಯಿದ್ದರೆ ಒಂದು ಬಾನಿಯನ್ನೂ ಒಂದು ಹಳೆಯ ಪರದೆಯನ್ನೂ ಹುಡುಕಿಕೊಳ್ಳಿ.

ಇದನ್ನು ಬರೆಯುತ್ತಿರುವ ಈ ರಾತ್ರಿ ಹಸ್ತದ ಮಳೆ ಈಗತಾನೆ ನಿಂತಿದೆ. ಹೆಂಚಿನಿಂದ ನೀರು ತೊಟ್ಟಿಕ್ಕುತ್ತಿದೆ. ಸೀಬೆಯ ಗಿಡದ ಕಡೆಯಿಂದ ಆಗಾಗ್ಗೆ 'ಟಕ್, ಟಕ್' ಎಂಬ ಸದ್ದು ಕೇಳುತ್ತಿದೆ. ನಮ್ಮ ಮರಿಗಳು ಕೂಗುವ ವಯಸ್ಸಿಗೆ ಬಂದಿಲ್ಲ. ಇದು ಅವುಗಳ ತಂದೆಯೇ ಇರಬೇಕು. ಒಳಗಿನ ಕೋಣೆಯಲ್ಲಿ ಮೊಮ್ಮಗಳು ನಿದ್ರೆ ಹೋಗಿದ್ದಾಳೆ.